ಸಂಪಾದಕರ ಉತ್ತರ: ಸಂಶಯಕ್ಕೆ ಸಿಕ್ಕಿದ ಗೆಳೆಯರ ಪರವಾಗಿ ನಿಂತವರಿಗೆ

ಮಾನ್ಯರೇ,

ನಿಮ್ಮ ಪತ್ರವನ್ನೂ ಅದರೊಂದಿಗೆ ಲಗತ್ತಿಸಿದ ಹೇಳಿಕೆಯನ್ನೂ ಮೂರು ಸಲ ಓದಿದ ಮೇಲೆ ಈ ಉತ್ತರ ಬರೆಯುತ್ತಿದ್ದೇನೆ. ಹೆಸರನ್ನಾಗಲಿ ಊರನ್ನಾಗಲಿ ಪ್ರಕಟಿಸಬಾರದೆಂದು ಕೇಳಿಕೊಂಡಿದ್ದೀರಿ, ಪ್ರಕಟಿಸುವುದಿಲ್ಲ. ಉಳಿದ ಓದುಗರಿಗೆ ತಿಳಿಯಬೇಕಾದಷ್ಟನ್ನು ಮಾತ್ರ ಹೇಳುತ್ತೇನೆ. ನೀವು ಇಪ್ಪತ್ತು ವರ್ಷಗಳಿಂದ ಬಲ್ಲ ಅಣ್ಣ ತಮ್ಮಂದಿರಿಬ್ಬರು ತಮ್ಮ ವ್ಯಾಪಾರದ ಪಾಲುದಾರನನ್ನು ಕೊಂದರೆಂಬ ಸಂಶಯದ ಮೇಲೆ ಬಂಧನದಲ್ಲಿದ್ದಾರೆ. ಅಣ್ಣ ತಪ್ಪೊಪ್ಪಿಕೊಂಡಿದ್ದಾನೆಂದು ಪತ್ರಿಕೆಗಳಲ್ಲಿ ಬಂದಿದೆ. ನಿಮ್ಮ ಬಳಗದ ಅರ್ಧದಷ್ಟು ಜನ ಫೋನ್ ಎತ್ತುವುದನ್ನೇ ಬಿಟ್ಟಿದ್ದಾರೆ. ಉಳಿದ ಹನ್ನೊಂದು ಮಂದಿ ಸೇರಿ, 'ಇವರನ್ನು ನಾವು ಬಲ್ಲೆವು, ಇವರಿಂದ ಇಂಥ ಕೆಲಸ ಸಾಧ್ಯವಿಲ್ಲ' ಎಂಬ ಹೇಳಿಕೆಗೆ ಸಹಿ ಹಾಕಿದ್ದೀರಿ. ಪ್ರತಿಯೊಬ್ಬರೂ ಸಹಿಯ ಕೆಳಗೆ ತಮ್ಮದೇ ಕೈಬರಹದಲ್ಲಿ ಒಂದೆರಡು ಸಾಲು ಸೇರಿಸಿದ್ದೀರಿ. ಅದನ್ನು ನಾವು ಪ್ರಕಟಿಸಬೇಕೆಂಬುದು ನಿಮ್ಮ ಕೋರಿಕೆ. 'ಹತ್ತಿರದಿಂದ ಬಲ್ಲವರ ಮಾತಿಗೆ ಬೆಲೆಯೇ ಇಲ್ಲವೆಂದರೆ ಇನ್ನಾರ ಮಾತಿಗೆ ಬೆಲೆ?' ಎಂದೂ ಕೇಳಿದ್ದೀರಿ.

ಹೇಳಿಕೆಯನ್ನು ಈಗಿರುವ ರೂಪದಲ್ಲಿ ಪ್ರಕಟಿಸಲಾರೆ. ಹಾಗೆಂದು ಎರಡು ಸಾಲಿನಲ್ಲಿ ತಿಳಿಸಿ ಸುಮ್ಮನಾಗಲು ಮನಸ್ಸು ಒಪ್ಪಲಿಲ್ಲ. ಏಕೆಂದರೆ ನಿಮ್ಮ ಪ್ರಶ್ನೆ ನನ್ನನ್ನೂ ಒಂದು ಕಾಲದಲ್ಲಿ ಕಾಡಿದ್ದು.

ಗೆಳೆಯರ ಮಾತಿಗೆ ಬೆಲೆಯಿದೆ. ಆದರೆ ಅವರ ಯಾವ ಮಾತಿಗೆ ಎಂಬುದನ್ನು ಬಿಡಿಸಿ ನೋಡಬೇಕು. 'ಅವನು ಇರುವೆಯನ್ನೂ ತುಳಿಯುವವನಲ್ಲ' ಎಂಬುದು ಒಂದು ಮಾತು. 'ಆ ದಿನ ಇಷ್ಟು ಹೊತ್ತಿಗೆ ಅವನು ನನ್ನೆದುರು ಕುಳಿತಿದ್ದ' ಎಂಬುದು ಇನ್ನೊಂದು. ಮೊದಲನೆಯದು ನಮ್ಮ ನಂಬಿಕೆ, ಎರಡನೆಯದು ನಾವು ಕಣ್ಣಾರೆ ಕಂಡದ್ದು. ಸಂಕಟದಲ್ಲಿರುವಾಗ ಮೊದಲನೆಯದೇ ದೊಡ್ಡದಾಗಿ ಬಾಯಿಗೆ ಬರುತ್ತದೆ, ಎರಡನೆಯದು ಮರೆತೇಹೋಗುತ್ತದೆ. ಒಳ್ಳೆಯ ನಡತೆಯ ಸಾಕ್ಷ್ಯವನ್ನು ನ್ಯಾಯಾಲಯಗಳು ಕೇಳುವುದೇ ಇಲ್ಲವೆಂದಲ್ಲ, ಕೇಳುತ್ತವೆ. ಆದರೆ ಕೊಲೆಯ ಪ್ರಕರಣದಲ್ಲಿ ಅದರಿಂದಲೇ ಯಾರೂ ಬಿಡುಗಡೆಯಾಗುವುದಿಲ್ಲ, ಏಕೆಂದರೆ ನಿಜವಾಗಿ ಕೊಂದವನಿಗೂ ಅವನನ್ನು ಪ್ರಾಣದಂತೆ ನಂಬಿದ ಗೆಳೆಯರು ಇರುತ್ತಾರೆ.

ಈ ಮಾತು ನಿಮಗೆ ನೋವು ತರಬಹುದು. ಆದರೂ ಅಮೆರಿಕದ ವರ್ಜೀನಿಯ ರಾಜ್ಯದ ರೋಜರ್ ಕೀತ್ ಕೋಲ್ಮನ್ ಎಂಬವನ ಪ್ರಕರಣವನ್ನು ಹೇಳದೆ ಮುಂದೆ ಹೋಗಲಾರೆ. ನಾದಿನಿಯ ಕೊಲೆಗಾಗಿ ಮರಣದಂಡನೆಗೆ ಗುರಿಯಾಗಿದ್ದ ಅವನು ನಿರಪರಾಧಿಯೆಂದು ನಂಬಿ ಹೋರಾಡಿದವರಲ್ಲಿ ಜೇಮ್ಸ್ ಮೆಕ್ಲಾಸ್ಕಿ ಮುಖ್ಯರು. ಅನ್ಯಾಯವಾಗಿ ಶಿಕ್ಷೆಗೊಳಗಾದವರ ಬಿಡುಗಡೆಗಾಗಿಯೇ ಜೀವನವನ್ನು ಮುಡಿಪಿಟ್ಟ, ಈ ವಿಷಯದಲ್ಲಿ ಪಳಗಿದ ಮನುಷ್ಯ ಅವರು. 1992ರ ಮೇ 20ರಂದು ದಂಡನೆ ಜಾರಿಯಾಯಿತು. ಮೆಕ್ಲಾಸ್ಕಿ ಅಲ್ಲಿಗೆ ಬಿಡಲಿಲ್ಲ. ಉಳಿದಿದ್ದ ಮಾದರಿಯ ಡಿಎನ್‌ಎ ಪರೀಕ್ಷೆ ಆಗಲೇಬೇಕೆಂದು ವರ್ಷಗಟ್ಟಲೆ ಪಟ್ಟು ಹಿಡಿದರು. 2006ರ ಜನವರಿಯಲ್ಲಿ ಫಲಿತಾಂಶ ಬಂದಾಗ ಅದು ಕೋಲ್ಮನ್‌ನದೇ ಅಪರಾಧವೆಂದು ತೋರಿಸಿತು. ಮೆಕ್ಲಾಸ್ಕಿ ಅದನ್ನು ಬಹಿರಂಗವಾಗಿ ಒಪ್ಪಿಕೊಂಡರು. ತಮ್ಮ ಕೆಲಸವನ್ನೂ ನಿಲ್ಲಿಸಲಿಲ್ಲ. ಅವರು ಮೋಸಹೋದವರೆಂದು ಅನುಕಂಪ ಪಡುವವರಿದ್ದಾರೆ. ನನ್ನ ದೃಷ್ಟಿಯಲ್ಲಿ ಗೆಳೆತನದ ಬಹಳ ಎತ್ತರದ ಮಾದರಿ ಅವರೇ, ಏಕೆಂದರೆ ತಮ್ಮ ನಂಬಿಕೆಯನ್ನು ಸುಳ್ಳು ಮಾಡಬಲ್ಲ ಪರೀಕ್ಷೆಯನ್ನೇ ಅವರು ಕೈಯಾರೆ ಬೇಡಿ ತಂದರು. ನಿಮ್ಮ ಹನ್ನೊಂದು ಮಂದಿ ಒಂದೆಡೆ ಕುಳಿತಾಗ ಈ ಪ್ರಶ್ನೆಯನ್ನು ಒಬ್ಬರಾದರೂ ಎತ್ತಬೇಕು: ಏನು ಕಂಡರೆ ನಾವು ನಮ್ಮ ಅಭಿಪ್ರಾಯ ಬದಲಿಸುತ್ತೇವೆ?

ಇನ್ನು ತಪ್ಪೊಪ್ಪಿಗೆಯ ವಿಚಾರ. ಆ ಸುದ್ದಿ ಬಂದ ದಿನವೇ ನಿಮ್ಮ ಬಳಗ ಒಡೆಯಿತೆಂದು ಬರೆದಿದ್ದೀರಿ. ಅದೊಂದನ್ನೇ ಹಿಡಿದು ಗೆಳೆಯರನ್ನು ಕೈಬಿಟ್ಟವರಿಗೆ ಟಿಮತಿ ಇವಾನ್ಸ್‌ನ ಕಥೆಯನ್ನು ತಿಳಿಸಿ. ಲಂಡನ್ನಿನ ಆ ಯುವಕ ಹೆಂಡತಿಯನ್ನೂ ಹಸುಗೂಸನ್ನೂ ತಾನೇ ಕೊಂದೆನೆಂದು ಪೊಲೀಸರ ಮುಂದೆ ಹೇಳಿದ್ದ, ಆಮೇಲೆ ಅದನ್ನು ಅಲ್ಲಗಳೆದಿದ್ದ. 1950ರ ಮಾರ್ಚಿನಲ್ಲಿ ಅವನನ್ನು ಗಲ್ಲಿಗೇರಿಸಲಾಯಿತು. ಅವನ ವಿರುದ್ಧ ಸಾಕ್ಷಿ ನುಡಿದಿದ್ದ, ಅದೇ ಮನೆಯ ಕೆಳಗಿನ ಭಾಗದ ಬಾಡಿಗೆದಾರ ಜಾನ್ ಕ್ರಿಸ್ಟಿ ಸರಣಿ ಕೊಲೆಗಾರನೆಂಬುದು ಮೂರು ವರ್ಷಗಳ ನಂತರ ಅವನ ಮನೆಯಲ್ಲೇ ಹೆಂಗಸರ ಹೆಣಗಳು ಸಿಕ್ಕಾಗ ಹೊರಬಿತ್ತು. 1966ರಲ್ಲಿ ಇವಾನ್ಸ್‌ಗೆ ಮರಣೋತ್ತರ ಕ್ಷಮಾದಾನ ಸಿಕ್ಕಿತು. ಠಾಣೆಯಲ್ಲಿ ಹೇಳಿದ ಮಾತು ಎಂಥ ಸ್ಥಿತಿಯಲ್ಲಿ, ಎಷ್ಟು ಹೊತ್ತಿನ ವಿಚಾರಣೆಯ ನಂತರ, ಯಾರ ಎದುರಿನಲ್ಲಿ ಬಂತು ಎಂಬುದನ್ನು ವಕೀಲರು ಕೇಳಿ ತಿಳಿಯುವವರೆಗೆ ಅದನ್ನು ಕೊನೆಯ ಮಾತೆಂದು ಯಾರೂ ತಿಳಿಯಬೇಕಿಲ್ಲ.

ಈಗ ನನ್ನದೇ ಒಂದು ಸಂಗತಿ. ಪತ್ರಿಕಾ ವೃತ್ತಿಗೆ ಬರುವ ಮೊದಲು ನಾವು ನಾಲ್ವರು ಗೆಳೆಯರು ದಿನವೂ ರಾತ್ರಿ ಚೆಸ್ ಆಡುತ್ತಿದ್ದೆವು. ಅವರಲ್ಲಿ ಒಬ್ಬನ ಮನೆಯ ಮಾಲೀಕರ ಕೊಲೆಯಾಯಿತು. ಬಾಡಿಗೆಯ ವಿಚಾರದಲ್ಲಿ ಹಿಂದಿನ ವಾರವಷ್ಟೇ ಜಗಳವಾಗಿತ್ತಾದ್ದರಿಂದ ಸಂಶಯ ಅವನ ಮೇಲೆ ಬಿತ್ತು. ವಿಚಾರಿಸಿದ ಅಧಿಕಾರಿಗೆ ನಾನು ಎದೆ ತಟ್ಟಿಕೊಂಡು, 'ಒಂಬತ್ತು ಗಂಟೆಯಿಂದ ಅವನು ನಮ್ಮ ಜೊತೆಗೇ ಇದ್ದ' ಎಂದೆ. ಸುಳ್ಳು ಹೇಳುವ ಉದ್ದೇಶ ಎಳ್ಳಷ್ಟೂ ಇರಲಿಲ್ಲ. ನಾವು ದಿನವೂ ಒಂಬತ್ತಕ್ಕೆ ಕೂರುತ್ತಿದ್ದೆವು, ಆದ್ದರಿಂದ ಆ ದಿನವೂ ಒಂಬತ್ತಕ್ಕೇ ಇರಬೇಕೆಂದು ಮನಸ್ಸು ತಾನೇ ತುಂಬಿಕೊಂಡಿತ್ತು. ಆದರೆ ನಮ್ಮಲ್ಲೊಂದು ನೀಲಿ ರಟ್ಟಿನ ನೋಟ್‌ಪುಸ್ತಕವಿತ್ತು. ಪ್ರತಿ ಆಟದ ನಡೆಗಳನ್ನೂ, ಆಟ ಆರಂಭವಾದ ಸಮಯವನ್ನೂ ಪೆನ್ಸಿಲಿನಲ್ಲಿ ಬರೆದಿಡುತ್ತಿದ್ದೆವು. ಅಧಿಕಾರಿ ಅದನ್ನು ತರಿಸಿ ಆ ದಿನದ ಪುಟ ತೆರೆದು ನನ್ನ ಮುಂದಿಟ್ಟರು. ಅದರಲ್ಲಿ ನನ್ನದೇ ಅಕ್ಷರದಲ್ಲಿ 'ಹತ್ತು ಹತ್ತು' ಎಂದಿತ್ತು. ಆ ಕ್ಷಣದಿಂದ ನಾನು ಹೇಳಿದ ಉಳಿದ ನಿಜಗಳೂ ಸುಳ್ಳಿನ ಸಾಲಿಗೆ ಸೇರಿದವು. ಸುಳ್ಳು ಸಾಕ್ಷಿ ಹುಟ್ಟಿಸಿಕೊಂಡನೆಂಬ ಹೊಸ ಸಂಶಯ ನನ್ನ ಗೆಳೆಯನ ಕೊರಳಿಗೆ ಬಿತ್ತು. ನಿಜವಾದ ಅಪರಾಧಿ ಬೇರೆಡೆ ಸಿಕ್ಕಿಬಿದ್ದು ಅವನು ಪಾರಾಗುವ ಹೊತ್ತಿಗೆ ನಾಲ್ಕು ತಿಂಗಳು ಕಳೆದಿದ್ದವು. ಅವನು ನನ್ನನ್ನು ಒಮ್ಮೆಯೂ ಆಕ್ಷೇಪಿಸಲಿಲ್ಲ. ಆ ಪುಟವನ್ನು ಮಾತ್ರ ನಾನು ಇಂದಿಗೂ ಮರೆತಿಲ್ಲ.

ಪ್ರೀತಿಯಿಂದ ಮಾತು ತಿದ್ದುವುದು ಎಷ್ಟು ಅಪಾಯಕಾರಿ ಎಂಬುದಕ್ಕೆ ಫ್ರಾನ್ಸಿನ ತುಲೂಸ್ ನಗರದ ಕಲಾಸ್ ಪ್ರಕರಣಕ್ಕಿಂತ ದೊಡ್ಡ ನಿದರ್ಶನವನ್ನು ನಾನು ಕಾಣೆ. 1761ರ ಅಕ್ಟೋಬರ್ 13ರ ರಾತ್ರಿ ಬಟ್ಟೆ ವ್ಯಾಪಾರಿ ಜಾನ್ ಕಲಾಸ್‌ನ ಹಿರಿಯ ಮಗ ಅಂಗಡಿಯಲ್ಲಿ ಸತ್ತು ಸಿಕ್ಕಿದ. ಆತ್ಮಹತ್ಯೆ ಮಾಡಿಕೊಂಡವರ ಹೆಣವನ್ನು ಬೀದಿಯಲ್ಲಿ ಎಳೆದೊಯ್ದು ಅವಮಾನಿಸುತ್ತಿದ್ದ ಕಾಲವದು. ಮಗನ ದೇಹಕ್ಕೆ ಆ ಗತಿ ಬರಬಾರದೆಂದು ಮನೆಯವರು, ಅವನು ನೆಲದ ಮೇಲೆ ಬಿದ್ದಿದ್ದನೆಂದು ಮೊದಲು ಹೇಳಿದರು. ನೇಣಿನಲ್ಲಿದ್ದನೆಂದು ಆಮೇಲೆ ಒಪ್ಪಿಕೊಂಡರು. ಅಷ್ಟರಲ್ಲಿ ಕಾಲ ಮಿಂಚಿತ್ತು. ಕಲಾಸರದು ಪ್ರಾಟೆಸ್ಟೆಂಟ್ ಮನೆತನ, ಊರು ಕ್ಯಾಥೊಲಿಕ್ಕರದು. ಮಗ ಮತ ಬದಲಿಸಲಿದ್ದನೆಂದು ತಂದೆಯೇ ಕೊಂದನೆಂಬ ಗಾಳಿಮಾತು ಆಗಲೇ ಬೀದಿ ತುಂಬಿತ್ತು. ಮಾತು ಬದಲಾದದ್ದೇ ಅದಕ್ಕೆ ಪುರಾವೆಯಾಯಿತು. 1762ರ ಮಾರ್ಚ್ 10ರಂದು ತಂದೆಯನ್ನು ಚಕ್ರಕ್ಕೆ ಕಟ್ಟಿ, ಮೂಳೆ ಮುರಿದು ಕೊಂದರು. ಕೊನೆಯ ಉಸಿರಿನವರೆಗೂ ಅವನು ತಾನು ನಿರಪರಾಧಿಯೆಂದೇ ಹೇಳಿದ.

ಆ ರಾತ್ರಿ ಆ ಮನೆಗೆ ಊಟಕ್ಕೆ ಬಂದಿದ್ದ ಲಾವೆಸ್ ಎಂಬ ತರುಣ ಗೆಳೆಯನನ್ನೂ, ಝಾನ್ ವಿಗ್ಯೆರ್ ಎಂಬ ಮನೆಗೆಲಸದಾಕೆಯನ್ನೂ ಕಲಾಸರ ಜೊತೆಗೇ ಆರೋಪಿಗಳಾಗಿ ಬಂಧಿಸಿದ್ದರು. ಆಕೆ ಸ್ವತಃ ಕ್ಯಾಥೊಲಿಕ್ಕಳು. ಯಜಮಾನನ ವಿರುದ್ಧ ಒಂದು ಮಾತು ಆಡಿದ್ದರೆ ಊರೇ ಆಕೆಯನ್ನು ಹೊತ್ತು ಮೆರೆಯುತ್ತಿತ್ತು. ಇಬ್ಬರೂ ಬಾಗಲಿಲ್ಲ. ಸಂಜೆಯೆಲ್ಲ ಎಲ್ಲರೂ ಮೇಲಿನ ಕೋಣೆಯಲ್ಲಿ ಒಟ್ಟಿಗೆ ಇದ್ದೆವು ಎಂಬ, ತಾವು ಕಂಡ ಸಂಗತಿಯನ್ನು ಬಿಟ್ಟುಕೊಡಲಿಲ್ಲ. ಕೊಂದಿದ್ದರೆ ಎಲ್ಲರೂ ಸೇರಿಯೇ ಕೊಂದಿರಬೇಕು, ಇಲ್ಲವಾದರೆ ಯಾರೂ ಕೊಂದಿಲ್ಲ ಎಂಬ ತರ್ಕ ನಿಂತದ್ದು ಅದರ ಮೇಲೆ. ಮೊದಮೊದಲು ಕಲಾಸನೇ ತಪ್ಪಿತಸ್ಥನಿರಬಹುದೆಂದು ಎಣಿಸಿದ್ದ ಫ್ರೆಂಚ್ ಲೇಖಕ ವೋಲ್ಟೇರ್, ವಿಚಾರಿಸಿ ತಿಳಿದ ಮೇಲೆ ಮೂರು ವರ್ಷ ಹೋರಾಡಿದ. 1765ರ ಮಾರ್ಚ್ 9ರಂದು ಕಲಾಸ್ ನಿರ್ದೋಷಿಯೆಂದು ಘೋಷಣೆಯಾಯಿತು. ಜಗತ್ತು ವೋಲ್ಟೇರನ ಹೆಸರನ್ನು ನೆನಪಿಟ್ಟುಕೊಂಡಿದೆ. ನನಗೆ ಆ ಕೆಲಸದಾಕೆ ಹೆಚ್ಚು ದೊಡ್ಡವಳಾಗಿ ಕಾಣುತ್ತಾಳೆ.

ನಿಮ್ಮ ಹೇಳಿಕೆ ಅಣ್ಣ ತಮ್ಮಂದಿರನ್ನು ದೇವರಂಥವರು ಎಂದು ವರ್ಣಿಸುತ್ತದೆ. ಅದರ ಅಗತ್ಯವಿಲ್ಲ. ನಾಳೆ ಅಣ್ಣನ ಹಳೆಯ ಸಾಲವೋ ತಮ್ಮನ ಕುಡಿತವೋ ಹೊರಬಿದ್ದರೆ ಆ ವರ್ಣನೆಯೊಂದಿಗೆ ನಿಮ್ಮ ವಾದವೂ ಕುಸಿಯುತ್ತದೆ. ಆಸ್ಕರ್ ಸ್ಲೇಟರ್ ಎಂಬವನ ಪ್ರಕರಣ ನೋಡಿ. ಅವನು ಜೂಜುಕೋರ, ಹೆಸರು ಕೆಟ್ಟವನು. 1908ರ ಡಿಸೆಂಬರಿನಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ಮರಿಯನ್ ಗಿಲ್ಕ್ರಿಸ್ಟ್ ಎಂಬ ವೃದ್ಧೆಯ ಕೊಲೆಯಾಗಿ, ಆಕೆಯ ವಜ್ರದ ಬ್ರೂಚ್ (ಉಡುಪಿಗೆ ಚುಚ್ಚಿಕೊಳ್ಳುವ ಒಡವೆ) ಕಾಣೆಯಾಯಿತು. ಸ್ಲೇಟರ್ ವಜ್ರದ ಬ್ರೂಚೊಂದರ ಗಿರವಿ ಚೀಟಿಯನ್ನು ಮಾರಲು ಓಡಾಡುತ್ತಿದ್ದನೆಂಬುದೇ ಸಂಶಯದ ಮೂಲ. ಆ ಬ್ರೂಚ್ ಬೇರೆಯದು, ಕೊಲೆಗೆ ಒಂದು ತಿಂಗಳ ಮುಂಚೆಯೇ ಗಿರವಿಗೆ ಬಿದ್ದದ್ದು ಎಂದು ಗೊತ್ತಾದ ಮೇಲೂ ಪೊಲೀಸರು ಅವನನ್ನು ಬಿಡಲಿಲ್ಲ. ನಡತೆಯ ಕಾರಣಕ್ಕೆ ಅವನಿಗೆ ಉಳಿದವರಷ್ಟು ನಿರಪರಾಧಿತ್ವದ ರಕ್ಷಣೆ ಸಲ್ಲದೆಂಬ ಅರ್ಥದ ಮಾತನ್ನು ನ್ಯಾಯಾಧೀಶರೇ ಜ್ಯೂರಿಗೆ ಹೇಳಿದರು. ಅವನ ಪರವಾಗಿ ನಿಂತ, ಷರ್ಲಾಕ್ ಹೋಮ್ಸ್ ಕಥೆಗಳ ಲೇಖಕ ಆರ್ಥರ್ ಕಾನನ್ ಡಾಯ್ಲ್‌ಗೆ ಅವನ ಬದುಕಿನ ರೀತಿ ಇಷ್ಟವಿರಲಿಲ್ಲ. ಅವನು ಒಳ್ಳೆಯವನೆಂದು ವಾದಿಸುವ ಗೋಜಿಗೆ ಹೋಗದೆ ಚೀಟಿಯ ತಾರೀಖು, ಸಾಕ್ಷಿಗಳ ಗುರುತಿಸುವಿಕೆ, ಇವುಗಳಲ್ಲಿನ ದೋಷಗಳನ್ನೇ ತೋರಿಸಿದರು. 1925ರಲ್ಲಿ ಜೈಲಿನಿಂದ ಬಿಡುಗಡೆಯಾದ ಕೈದಿಯೊಬ್ಬ ಸ್ಲೇಟರನ ಮೊರೆಯ ಚೀಟಿಯನ್ನು ಬಾಯಿಯೊಳಗೆ ಬಚ್ಚಿಟ್ಟುಕೊಂಡು ಡಾಯ್ಲ್‌ಗೆ ತಲುಪಿಸಿದ. ಹದಿನೆಂಟು ವರ್ಷಕ್ಕೂ ಹೆಚ್ಚು ಕಾಲದ ಸೆರೆಯ ನಂತರ 1927ರಲ್ಲಿ ಸ್ಲೇಟರ್ ಹೊರಬಂದ. ಮರುವರ್ಷ ತೀರ್ಪು ರದ್ದಾಯಿತು.

ಹೇಳಿಕೆಯ ಎರಡನೆಯ ಪುಟದಲ್ಲಿ ನೀವು ಮತ್ತೊಬ್ಬರ ಹೆಸರು ಬರೆದು, ಪೊಲೀಸರು ಅವರನ್ನೇಕೆ ಹಿಡಿಯಲಿಲ್ಲವೆಂದು ಕೇಳಿದ್ದೀರಿ. ನಾನು ಪ್ರಕಟಿಸಲಾರೆನೆಂದದ್ದಕ್ಕೆ ಮುಖ್ಯ ಕಾರಣ ಇದೇ. ಅವರಿಗೂ ಹನ್ನೊಂದು ಗೆಳೆಯರು ಇರಬಹುದಲ್ಲವೇ? ನಿಮ್ಮ ಗೆಳೆಯರಿಗೆ ಆದದ್ದನ್ನೇ ನೀವು ಇನ್ನೊಬ್ಬರಿಗೆ ಮಾಡಬೇಡಿ. ನಿಮಗೆ ನಿಜವಾಗಿ ಏನಾದರೂ ಗೊತ್ತಿದ್ದರೆ ವಕೀಲರ ಮೂಲಕ ತನಿಖಾಧಿಕಾರಿಗೆ ತಿಳಿಸಿ. ಸತ್ತವರ ಹೆಂಡತಿ ಮಕ್ಕಳು ಈ ಪತ್ರಿಕೆಯನ್ನು ಓದುತ್ತಿರಬಹುದೆಂಬುದೂ ನನ್ನ ಮನಸ್ಸಿನಲ್ಲಿದೆ.

ಹಾಗಾದರೆ ಮಾಡಬೇಕಾದದ್ದೇನು? ಬೇಗ ಮಾಡಬೇಕಾದದ್ದನ್ನು ಮೊದಲು ಹೇಳುತ್ತೇನೆ. ಸಿಸಿಟಿವಿ ದೃಶ್ಯಗಳು ಬಹಳ ಕಡೆ ಕೆಲವು ವಾರಗಳಲ್ಲೇ ಅಳಿಸಿಹೋಗುತ್ತವೆ. ಆ ದಿನ ಅಣ್ಣ ತಮ್ಮಂದಿರು ಹೋಗಿರಬಹುದಾದ ಜಾಗಗಳ ಪಟ್ಟಿಯನ್ನು ವಕೀಲರಿಗೆ ಈ ವಾರವೇ ಕೊಡಿ. ರಸೀದಿ, ಪ್ರಯಾಣದ ಟಿಕೆಟ್, ಫೋನಿನ ಸಂದೇಶ ಯಾವುದನ್ನೂ ಅಳಿಸಬೇಡಿ, ಎಸೆಯಬೇಡಿ. ಅಮೆರಿಕದ ಕೆನೆತ್ ವಾಟರ್ಸ್ ಎಂಬಾತ ಮಾಡದ ಕೊಲೆಗೆ 1983ರಲ್ಲಿ ಶಿಕ್ಷೆಗೊಳಗಾದಾಗ, ಅವನ ತಂಗಿ ಬೆಟ್ಟಿ ಆ್ಯನ್ ಅಣ್ಣನನ್ನು ಬಿಡಿಸಲೆಂದೇ ಕಾನೂನು ಓದಿ ವಕೀಲೆಯಾದಳು. ಆ ಓದಿನಲ್ಲಿ ಸಿಕ್ಕ ಗೆಳತಿಯೊಬ್ಬಳು ಆಕೆಯ ಜೊತೆ ದುಡಿದಳು. 2001ರಲ್ಲಿ ವಾಟರ್ಸ್ ಹೊರಬಂದದ್ದು ನ್ಯಾಯಾಲಯದಲ್ಲಿ ಯಾರೂ ಎಸೆಯದೆ ಉಳಿದಿದ್ದ ರಕ್ತದ ಮಾದರಿಯಿಂದ. ಉಳಿದುಕೊಂಡ ವಸ್ತುವಿಗೆ ಅಷ್ಟು ಶಕ್ತಿಯಿದೆ.

ನೀವು ಹನ್ನೊಂದು ಮಂದಿಯ ವಾಟ್ಸಾಪ್ ಗುಂಪಿನಲ್ಲಿ ಆ ದಿನದ ಘಟನೆಗಳನ್ನು ಚರ್ಚಿಸುತ್ತಿರುವುದಾಗಿ ಬರೆದಿದ್ದೀರಿ. ದಯವಿಟ್ಟು ಇವತ್ತೇ ನಿಲ್ಲಿಸಿ. ಒಬ್ಬರ ನೆನಪು ಇನ್ನೊಬ್ಬರದಕ್ಕೆ ಬೆರೆತು, ನಾಳೆ ಎಲ್ಲರೂ ಒಂದೇ ಪದಗಳಲ್ಲಿ ಸಾಕ್ಷಿ ಹೇಳಿದರೆ ಅದು ಕಲಿಸಿಕೊಟ್ಟ ಪಾಠದಂತೆ ಕೇಳಿಸುತ್ತದೆ. ಪ್ರತಿಯೊಬ್ಬರೂ ಬೇರೆಬೇರೆಯಾಗಿ ಕುಳಿತು ತಮಗೆ ನೆನಪಿರುವುದನ್ನು ಬರೆದು, ತಾರೀಖು ಹಾಕಿ, ವಕೀಲರಿಗೆ ಒಪ್ಪಿಸಲಿ. ನೆನಪಿಲ್ಲದ ಕಡೆ 'ನೆನಪಿಲ್ಲ' ಎಂದೇ ಬರೆಯಲಿ. ಇನ್ನೊಂದು ಸಂಗತಿ: ಜೈಲಿಗೆ ಭೇಟಿಗೆ ಹೋದಾಗ 'ನಿಜವಾಗಿ ಏನಾಯಿತು?' ಎಂದು ಕೇಳಬೇಡಿ. ವಕೀಲರಿಗೆ ಹೇಳಿದ ಮಾತಿಗೆ ಕಾನೂನಿನ ರಕ್ಷಣೆಯಿದೆ, ಗೆಳೆಯರಿಗೆ ಹೇಳಿದ್ದಕ್ಕೆ ಇಲ್ಲ; ನಿಮ್ಮನ್ನೇ ಸಾಕ್ಷಿಕಟ್ಟೆಗೆ ಕರೆದು ಕೇಳಬಹುದು. ಮನೆಯವರ ಸುದ್ದಿ ಹೇಳಿ, ಕನ್ನಡಕ, ಔಷಧಿ ಸಿಗುತ್ತಿದೆಯೇ ಎಂದು ವಿಚಾರಿಸಿ, ಮುಂದಿನ ವಾರ ಬರುತ್ತೇವೆಂದು ಹೇಳಿ ಎದ್ದು ಬನ್ನಿ.

ನಿಮ್ಮ ಹೇಳಿಕೆಯನ್ನು ಅಂಚೆಯಲ್ಲಿ ಹಿಂದಿರುಗಿಸುತ್ತಿದ್ದೇನೆ. ಹನ್ನೊಂದು ಸಹಿಗಳ ಕೆಳಗಿನ ಸಾಲುಗಳಲ್ಲಿ ಹತ್ತು ಅವರ ಗುಣಗಾನ. ಒಂಬತ್ತನೆಯ ಸಹಿಯ ಕೆಳಗೆ ಮಾತ್ರ, ಸಣ್ಣ ಅಕ್ಷರದಲ್ಲಿ, ಹೀಗಿದೆ: 'ಆ ಸಂಜೆ ಏಣಿ ಹಿಂದಿರುಗಿಸಲು ಹೋಗಿದ್ದೆ. ತಮ್ಮನ ಬಲಗೈ ಇನ್ನೂ ಪ್ಲಾಸ್ಟರಿನಲ್ಲಿತ್ತು, ಏಣಿಯನ್ನು ನಾನೇ ಒಳಗಿಟ್ಟು ಬಂದೆ.' ಕೊಲೆ ಭಾರವಾದ ಕಬ್ಬಿಣದ ಸರಳಿನಿಂದ ಆಯಿತೆಂದು ನೀವೇ ಬರೆದಿದ್ದೀರಿ. ಈ ಸಾಲು ಬರೆದವರು ವಕೀಲರನ್ನು ಕಂಡಿದ್ದಾರೆಯೇ ಎಂದು ಪತ್ರದಲ್ಲಿ ಎಲ್ಲಿಯೂ ಇಲ್ಲ. ಕಂಡಿಲ್ಲವಾದರೆ ಈ ಸಂಚಿಕೆ ನಿಮ್ಮ ಕೈಸೇರಿದ ದಿನವೇ ಅವರನ್ನು ಕರೆದುಕೊಂಡು ಹೋಗಿ. ಪ್ಲಾಸ್ಟರ್ ಹಾಕಿದ ವೈದ್ಯರ ಚೀಟಿ, ಎಕ್ಸ್‌ರೇ ಯಾರ ಬಳಿ ಇವೆಯೆಂದು ಮನೆಯವರನ್ನು ಕೇಳಿ, ಅವನ್ನೂ ಜೊತೆಗೆ ಒಯ್ಯಿರಿ.

ನಿಮ್ಮ ವಿಶ್ವಾಸಿ,
ಸಂಪಾದಕ