ಒಂಬತ್ತನೇ ಪುಸ್ತಕ ಬೇಡ, ಮೊದಲು ಇಸವಿ ನೋಡಿ

ಹ್ಯಾಸ್ಕೆಲ್ ಅನ್ನೋ ಪ್ರೋಗ್ರಾಮಿಂಗ್ ಭಾಷೆ ಕಲಿಯೋಕೆ ಎಂಟು ಪುಸ್ತಕ ಇಳಿಸಿಕೊಂಡಿದ್ದೀರಿ. ಪಾರ್ಸರ್ (ಪಠ್ಯ ಓದಿ ಅದರ ರಚನೆ ಬಿಡಿಸುವ ಪ್ರೋಗ್ರಾಮ್) ಅಧ್ಯಾಯದಲ್ಲಿ ಸಿಕ್ಕಿಹಾಕಿಕೊಂಡು, ಕಂಪೈಲರ್ ಕೊಟ್ಟ ಎರರ್ ಹಾಕಿದ್ದೀರಿ. ಈಗ ‘ಮೊನಾಡ್ ಚೆನ್ನಾಗಿ ಹೇಳಿಕೊಡುವ ಪುಸ್ತಕ ಇನ್ಯಾವುದಿದೆ’ ಅಂತ ಕೇಳಿದ್ದೀರಿ. (ಮೊನಾಡ್ ಅಂದ್ರೆ ಒಂದು ಹಂತದ ಫಲಿತಾಂಶವನ್ನು ಮುಂದಿನದಕ್ಕೆ ಕೊಡುತ್ತ ಹಂತಗಳನ್ನು ಜೋಡಿಸುವ ವ್ಯವಸ್ಥೆ.) ದಯವಿಟ್ಟು ಒಂಬತ್ತನೆಯದು ಇಳಿಸಬೇಡಿ. ಇದೇ ಹಳ್ಳಕ್ಕೆ ನಾನೂ ಬಿದ್ದಿದ್ದೆ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಎಲ್ಲರೂ ಹೊಗಳುತ್ತಿದ್ದ ಒಂದು ಹಳೆಯ ಪುಸ್ತಕ ನೋಡಿಕೊಂಡು ಪಾರ್ಸರ್ ಬರೆದೆ. ಅದರಲ್ಲಿದ್ದ ಹಾಗೇ, ಒಂದಕ್ಷರ ಆಚೀಚೆ ಇಲ್ಲ. ಕಂಪೈಲರ್ ಮಾತ್ರ ‘ಪಾರ್ಸರ್‌ಗೆ ಅಪ್ಲಿಕೇಟಿವ್ ಇನ್‌ಸ್ಟನ್ಸ್ ಇಲ್ಲ’ (ಅಂದರೆ ಅಪ್ಲಿಕೇಟಿವ್ ಅನ್ನೋ ಗುಂಪಿನ ಕೆಲಸಗಳನ್ನು ಈ ಟೈಪು ಹೇಗೆ ಮಾಡುತ್ತೆ ಅಂತ ಬರೆದಿಲ್ಲ) ಅಂತ ಹಟ ಹಿಡಿದು ಕೂತಿತು. ಆ ಅಧ್ಯಾಯದಲ್ಲಿ ಅಪ್ಲಿಕೇಟಿವ್ ಅನ್ನೋ ಪದವೇ ಇಲ್ಲ! ಮೂರು ರಾತ್ರಿ ಹಾಳಾಯಿತು. ಜಿಎಚ್‌ಸಿ (ಹ್ಯಾಸ್ಕೆಲ್ ಕಂಪೈಲರ್) ಕಿತ್ತುಹಾಕಿ ಮತ್ತೆ ಹಾಕಿದೆ. ಮೊನಾಡ್ ಅಂದ್ರೆ ಡಬ್ಬಿ, ಮೊನಾಡ್ ಅಂದ್ರೆ ಪೈಪು ಅಂತ ಹೇಳುವ ಟ್ಯುಟೋರಿಯಲ್‌ಗಳನ್ನೆಲ್ಲ ಓದಿದೆ. ಕೊನೆಗೆ ನನಗೆ ಗಣಿತದ ತಲೆ ಇಲ್ಲ ಅಂತ ತೀರ್ಮಾನಿಸಿಬಿಟ್ಟೆ. ಅಸಲು ವಿಷಯ ಇಷ್ಟೇ: 2015ರ ಜಿಎಚ್‌ಸಿ 7.10ರಿಂದ, ಮೊನಾಡ್ ಆಗಬೇಕಾದ ಟೈಪು ಮೊದಲು ಫಂಕ್ಟರ್, ಅಪ್ಲಿಕೇಟಿವ್ ಎರಡೂ ಆಗಿರಲೇಬೇಕು. ಪುಸ್ತಕ ಅದಕ್ಕಿಂತ ಹಳೆಯದು. ಆರೇಳು ಸಾಲು ಸೇರಿಸಿದ್ದೇ ತಡ, ಓಡಿತು.

ನೀವು ಹಾಕಿರುವ ಎರರ್ ಕೂಡ ಅದೇ ಅಲ್ವಾ? ಮೊನಾಡ್ ಅರ್ಥವಾಗಿಲ್ಲ ಅಂತಲ್ಲ, ಪುಸ್ತಕಕ್ಕೆ ವಯಸ್ಸಾಗಿದೆ. ಆಮೇಲೆ 2018ರ 8.4ರಲ್ಲಿ ಮೊನಾಯ್ಡ್‌ಗೂ (ಎರಡು ಬೆಲೆ ಜೋಡಿಸಿ ಒಂದು ಮಾಡಬಲ್ಲ, ಒಂದು ‘ಖಾಲಿ’ ಬೆಲೆಯೂ ಇರುವ ಟೈಪುಗಳ ಗುಂಪು) ಇದೇ ಗತಿ, ಮೊದಲು ಸೆಮಿಗ್ರೂಪ್ (ಜೋಡಿಸೋದಷ್ಟೇ, ಖಾಲಿ ಬೆಲೆ ಬೇಕಿಲ್ಲ) ಬೇಕು. 8.8ರಲ್ಲಿ ‘ಫೇಲ್’ ಫಂಕ್ಷನ್ನನ್ನು ಮೊನಾಡ್‌ನಿಂದ ಎತ್ತಿ ಮೊನಾಡ್‌ಫೇಲ್ ಅನ್ನೋ ಬೇರೆ ಗುಂಪಿಗೆ ಹಾಕಿದರು. ಪುಸ್ತಕ ತೆರೆದ ಕೂಡಲೇ ಮೊದಲು ಇಸವಿ ನೋಡಿ.

ಒಂದೇ ಒಂದು ಇಟ್ಟುಕೊಳ್ಳೋದಾದ್ರೆ ಗ್ರಹಾಂ ಹಟನ್ ಅವರ ‘ಪ್ರೋಗ್ರಾಮಿಂಗ್ ಇನ್ ಹ್ಯಾಸ್ಕೆಲ್’. 2016ರ ಎರಡನೇ ಆವೃತ್ತಿಯೇ ಆಗಬೇಕು, 2007ರದ್ದು ಬೇಡ. ನಿಮ್ಮ ಪಾರ್ಸರ್ ಅದರ 13ನೇ ಅಧ್ಯಾಯದಲ್ಲಿ ಮೂರೂ ಇನ್‌ಸ್ಟನ್ಸ್ ಸಮೇತ ಇದೆ. ಆದರೆ ಕಬಾಲ್ (ಹ್ಯಾಸ್ಕೆಲ್‌ನ ಬಿಲ್ಡ್ ಟೂಲ್), ಪ್ಯಾಕೇಜು, ಪ್ರಾಜೆಕ್ಟ್ ಕಟ್ಟೋದು ಇದನ್ನೆಲ್ಲ ಅದರಿಂದ ಕಲಿಯೋಕಾಗಲ್ಲ. ‘ಲರ್ನ್ ಯು ಎ ಹ್ಯಾಸ್ಕೆಲ್’ ಮಜವಾಗಿದೆ, ವೆಬ್‌ನಲ್ಲಿ ಬಿಟ್ಟಿಯಾಗಿಯೇ ಓದಬಹುದು, ಆದರೆ ಮಾಡಿ ನೋಡೋಕೆ ಒಂದೂ ಲೆಕ್ಕ ಇಲ್ಲ. ಓದುವಾಗ ಎಲ್ಲ ತಿಳಿದಂತೆ ಅನ್ನಿಸುತ್ತದೆ, ಖಾಲಿ ಫೈಲ್ ಮುಂದೆ ಕೂತರೆ ಕೈ ಓಡಲ್ಲ. ಅದೇ ಬೇಕಂದ್ರೆ ಜೊತೆಗೆ ಪೆನ್ಸಿಲ್ವೇನಿಯಾ ಯೂನಿವರ್ಸಿಟಿಯ ಸಿಐಎಸ್ 194 ಕೋರ್ಸಿನ 2013ರ ಹೋಮ್‌ವರ್ಕ್ ಮಾಡಿ. ಕ್ರೆಡಿಟ್ ಕಾರ್ಡ್ ನಂಬರ್ ಸರಿಯಿದೆಯೇ ಅಂತ ಪರೀಕ್ಷಿಸುವುದೇ ಮೊದಲನೆಯದು. ಮೊನಾಯ್ಡ್ ಬಂದಾಗ ಸೆಮಿಗ್ರೂಪ್ ನೀವೇ ಸೇರಿಸಿಕೊಳ್ಳಬೇಕು, ಹೇಳಿದೆನಲ್ಲ.

ಮೊನಾಡ್ ಟ್ಯುಟೋರಿಯಲ್ ಓದೋದು ಸದ್ಯಕ್ಕೆ ನಿಲ್ಲಿಸಿ. ನನಗೆ ದಾರಿ ತೋರಿಸಿದ್ದು ಟೈಪ್ ಹೋಲ್, ಅಂದರೆ ಕೋಡಿನಲ್ಲಿ ಬೇಕಂತಲೇ ಖಾಲಿ ಬಿಡುವ ಜಾಗ. ಪುಸ್ತಕ ಮುಚ್ಚಿ, ಫೋಲ್ಡ್‌ಆರ್‌ನಿಂದ (ಲಿಸ್ಟನ್ನು ಬಲದಿಂದ ಮಡಚುತ್ತ ಒಂದು ಉತ್ತರ ಮಾಡುವ ಫಂಕ್ಷನ್) ಮ್ಯಾಪ್ (ಲಿಸ್ಟಿನ ಪ್ರತಿಯೊಂದಕ್ಕೂ ಎಫ್ ಅನ್ನೋ ಫಂಕ್ಷನ್ ಹಚ್ಚುವುದು) ಬರೆಯಿರಿ. (ಬೇರೆ ಹೆಸರಿಡಿ, ಇಲ್ಲಾಂದ್ರೆ ಹ್ಯಾಸ್ಕೆಲ್ ತಾನೇ ತರುವ ಪ್ರೆಲ್ಯೂಡ್ ಲೈಬ್ರರಿಯ ಮ್ಯಾಪ್ ಜೊತೆ ಜಗಳ ಆಗುತ್ತೆ.) ಮೊದಲು ಟೈಪಿನ ಸಾಲು. ಕೆಳಗೆ ಫೋಲ್ಡ್‌ಆರ್, ಅದಕ್ಕೆ ಕೊಡಬೇಕಾದ ಫಂಕ್ಷನ್ ಜಾಗದಲ್ಲಿ ಬರೀ ಒಂದು ಅಂಡರ್‌ಸ್ಕೋರ್, ಆಮೇಲೆ ಖಾಲಿ ಲಿಸ್ಟ್, ಕೊನೆಗೆ ನಿಮ್ಮ ಲಿಸ್ಟ್. ಕಂಪೈಲರ್ ಬೈಯುತ್ತೆ. ಬೈಯುತ್ತಲೇ ‘ಇಲ್ಲಿ ಒಂದು ಎ, ಒಂದು ಬಿ-ಗಳ ಲಿಸ್ಟ್ ತಗೊಂಡು ಬಿ-ಗಳ ಲಿಸ್ಟ್ ಕೊಡುವ ಫಂಕ್ಷನ್ ಬೇಕು’ ಅಂತ ಹೇಳಿಬಿಡುತ್ತೆ. ಎ-ಯನ್ನು ಬಿ ಮಾಡೋಕೆ ನಿಮ್ಮ ಹತ್ತಿರ ಇರೋದು ಎಫ್ ಒಂದೇ. ಇನ್ನು ಯೋಚನೆ ಮಾಡೋಕೆ ಏನು ಉಳೀತು? ಫಿಲ್ಟರ್ ಹೀಗೇ ಮಾಡಿ, ಆಮೇಲೆ ಮೇಬಿಗೆ (ಬೆಲೆ ಇರಬಹುದು, ಇಲ್ಲದೆಯೂ ಇರಬಹುದಾದ ಟೈಪು) ಬೈಂಡ್, ಅಂದರೆ ಮೊನಾಡ್‌ನ ಹಂತ ಜೋಡಿಸುವ ಫಂಕ್ಷನ್. ನಾನು ಬೈಂಡ್ ಅನ್ನು ಈ ರೀತಿ ಐದು ಸಲ ಬರೆದೆ. ಡಬ್ಬಿ ಪೈಪುಗಳಿಂದ ಆಗದೇ ಇದ್ದದ್ದು ಆಯಿತು. ಒಂದು ಮಾತು, ಟೈಪ್ ಹೊಂದಿದ ಮಾತ್ರಕ್ಕೆ ಉತ್ತರ ಸರಿ ಅಂತಲ್ಲ. ಎಲ್ಲದಕ್ಕೂ ಖಾಲಿ ಲಿಸ್ಟ್ ಕೊಟ್ಟರೂ ಕಂಪೈಲರ್ ತೆಪ್ಪಗಿರುತ್ತೆ. ಜಿಎಚ್‌ಸಿಐನಲ್ಲಿ (ಸಾಲು ಬರೆದ ಕೂಡಲೇ ಉತ್ತರ ತೋರಿಸುವ ಜಿಎಚ್‌ಸಿ) ಓಡಿಸಿ ನೋಡಿ.

ಹೆಸರು ಗೊತ್ತಿಲ್ಲದ ಫಂಕ್ಷನ್ ಬೇಕಾದರೆ ಹೂಗಲ್ ಅನ್ನೋ ಹ್ಯಾಸ್ಕೆಲ್ ಸರ್ಚ್ ಎಂಜಿನ್‌ನಲ್ಲಿ ಟೈಪ್ ಕೊಟ್ಟು ಹುಡುಕಿ. ಇನ್‌ಸ್ಟಾಲ್ ಮಾಡೋಕೆ ಜಿಎಚ್‌ಸಿ-ಅಪ್ ಅನ್ನೋ ಇನ್‌ಸ್ಟಾಲರ್ ಸಾಕು. ಅಲ್ಲಿ ತೀರಾ ಹೊಸ ವರ್ಷನ್ ಕಂಡಿತು ಅಂತ ಆಸೆಪಟ್ಟು ಹಾಕಬೇಡಿ, ‘ರೆಕಮೆಂಡೆಡ್’ ಅಂತ ಇರೋದನ್ನೇ ಹಾಕಿ. ಇಲ್ಲಾಂದ್ರೆ ಎಡಿಟರ್‌ನ ಲ್ಯಾಂಗ್ವೇಜ್ ಸರ್ವರ್ (ಬರೆಯುವಾಗಲೇ ತಪ್ಪು, ಟೈಪು ತೋರಿಸುವ ಪ್ರೋಗ್ರಾಮ್) ಕೈಕೊಡಬಹುದು.

ಓಕ್ಯಾಮಲ್ ಅನ್ನೋ ಇನ್ನೊಂದು ಭಾಷೆ ಬಗ್ಗೆಯೂ ಕೇಳಿದ್ರಲ್ಲ. ಕಾರ್ನೆಲ್ ಯೂನಿವರ್ಸಿಟಿಯ ಸಿಎಸ್ 3110 ಕೋರ್ಸಿನ ಪುಸ್ತಕ, ವಿಡಿಯೊ ಎರಡೂ ಬಿಟ್ಟಿ, ಚೆನ್ನಾಗಿವೆ. ‘ರಿಯಲ್ ವರ್ಲ್ಡ್ ಓಕ್ಯಾಮಲ್’ ಕೂಡ ಒಳ್ಳೆಯದೇ, ಆದರೆ ಅದು ಜೇನ್ ಸ್ಟ್ರೀಟ್ ಕಂಪನಿಯವರ ಬೇಸ್ ಲೈಬ್ರರಿ ಬಳಸುತ್ತದೆ. ಬೇಸ್ ಓಪನ್ ಮಾಡಿದ ಮೇಲೆ ಸಮ ಚಿಹ್ನೆ ಇಂಟ್‌ಗಳಿಗೆ ಮಾತ್ರ. ಎರಡು ಸ್ಟ್ರಿಂಗ್ ಹೋಲಿಸಿದರೆ ಟೈಪ್ ಎರರ್, ಸ್ಟ್ರಿಂಗ್‌ನ ಈಕ್ವಲ್ ಬಳಸಬೇಕು. ಎರಡೂ ಪುಸ್ತಕ ಒಟ್ಟಿಗೆ ತೆರೆದಿಟ್ಟುಕೊಂಡರೆ ತಲೆ ಕೆಡುತ್ತದೆ. ಹ್ಯಾಸ್ಕೆಲ್ ಜೊತೆಗಂತೂ ಈಗ ಬೇಡವೇ ಬೇಡ.

ಇನ್ನು ಎರರ್ ಹಾಕುವಾಗ ಮೊದಲ ಸಾಲಿಗೆ ಕತ್ತರಿಸಬೇಡಿ, ಪೂರ್ತಿ ಹಾಕಿ. ಜಿಎಚ್‌ಸಿ ವರ್ಷನ್ನೂ ಬರೆಯಿರಿ. ಫಂಕ್ಟರ್, ಅಪ್ಲಿಕೇಟಿವ್ ಎರಡೂ ಸೇರಿಸಿದ ಮೇಲೂ ಓಡದಿದ್ದರೆ ಕೋಡ್ ಹಾಕಿ, ರಾತ್ರಿ ನೋಡುತ್ತೇನೆ.