ಒಂದೇ ಹೊಂಡದ ಮೀನುಮರಿಗಳು ಬೇರೆ ಬೇರೆ ಆಕಾರ ಯಾಕೆ?

3 ತಿಂಗಳ ಹಿಂದೆ ಕೃಷಿ ಹೊಂಡಕ್ಕೆ ಬಿಟ್ಟ ಕಾಟ್ಲಾ ಮರಿಗಳಲ್ಲಿ ಕೆಲವು ಅಗಲ, ಕೆಲವು ಕಡ್ಡಿ, ಎರಡಕ್ಕೆ ಬೆನ್ನು ಡೊಂಕು, ಇದು ರೋಗವಾ ಅಂತ ಕೇಳಿದ್ದೀರಿ. ಹೆಚ್ಚಾಗಿ ಅಲ್ಲ. ನಾನು ತೀರ್ಥಹಳ್ಳಿ ಕಡೆಯವನು, ಅಡಿಕೆ ತೋಟದ ಕೆಳಗೆ ಸಣ್ಣ ಹೊಂಡ ಇದೆ. ಮೊದಲ ವರ್ಷ ನನಗೂ ಇದೇ ಗಾಬರಿ. ಆಮೇಲೆ ನೋಡಿದರೆ ಕಾಟ್ಲಾ ಅಂತ ಕೊಟ್ಟ ಚೀಲದಲ್ಲಿ ಅರ್ಧ ಬೇರೆ ಜಾತಿಯ ಮರಿಗಳೇ ಇದ್ದವು!

ಹಾಗಾಗಿ ಮೊದಲು ಹತ್ತಿಪ್ಪತ್ತು ಮರಿ ಹಿಡಿದು ಬಿಳಿ ಬೇಸಿನ್ನಿಗೆ ಹಾಕಿ, ಬಾಯಿ ನೋಡಿ. ಕಾಟ್ಲಾ ಮೇಲಿನ ನೀರಿನಲ್ಲಿ ಮೇಯುವ ಮೀನು, ಅದಕ್ಕೇ ಬಾಯಿ ಮೇಲ್ಮುಖ, ತಲೆ ದೊಡ್ಡದು, ಮೀಸೆ ಇಲ್ಲ. ಮೃಗಾಲ್ ತಳದಲ್ಲಿ ಮೇಯುತ್ತದೆ, ಬಾಯಿ ಕೆಳಕ್ಕೆ, ಮೈ ಸಪೂರ. ರೋಹುವಿನ ತುಟಿಯ ಅಂಚು ಕುಚ್ಚು ಕುಚ್ಚಾಗಿರುತ್ತದೆ. ಕಾಟ್ಲಾನೂ ಅಲ್ಲ ರೋಹುನೂ ಅಲ್ಲ ಅನ್ನಿಸಿದರೆ ಮಿಶ್ರತಳಿ ಇರಬಹುದು, ಮರಿ ಮಾಡುವಲ್ಲಿ ಎರಡನ್ನೂ ಒಂದೇ ತೊಟ್ಟಿಗೆ ಬಿಟ್ಟರೆ ಹೀಗಾಗುತ್ತದೆ. ತಿನ್ನಲು ಏನೂ ತೊಂದರೆ ಇಲ್ಲ. ಇನ್ನು ಗೆಂಡೆ ಮರಿ ಸೇರಿಕೊಂಡಿದ್ದು, ಅದರ ಮೈಮೇಲೆ ಅಲ್ಲಲ್ಲಿ ಮಾತ್ರ ದೊಡ್ಡ ಹುರುಪೆ ಇದ್ದರೆ ಅದೂ ಕಾಯಿಲೆಯಲ್ಲ, ಕನ್ನಡಿ ಗೆಂಡೆ ಇರುವುದೇ ಹಾಗೆ.

ಎಲ್ಲವೂ ಕಾಟ್ಲಾನೇ ಆಗಿದ್ದು, ಕೆಲವಕ್ಕೆ ಮಾತ್ರ ತಲೆಯೇ ಎದ್ದು ಕಂಡು ಮೈ ಬಡಕಲಾಗಿದ್ದರೆ? ಹಸಿವು. ಸ್ವಲ್ಪ ಮುಂದೆ ಬಂದ ಮರಿ ಮೇವಿಗೂ ಮುಂದೆ ನುಗ್ಗುತ್ತದೆ, ಸಣ್ಣದು ಹಿಂದೆ ಉಳಿಯುತ್ತದೆ, ವಾರ ಕಳೆದ ಹಾಗೆ ಅಂತರ ಜಾಸ್ತಿಯಾಗುತ್ತದೆ. ಗುಂಟೆಗೆ 50ರಿಂದ 100 ಮರಿ ಸಾಕು, ನಾವು ಆಸೆಗೆ ಬಿದ್ದು ಸುಮ್ನೆ ಸುರಿದುಬಿಡುತ್ತೇವೆ ಅಲ್ವಾ? ತೌಡು, ಕಡಲೆ ಹಿಂಡಿಯನ್ನು ಒಂದೇ ಮೂಲೆಗೆ ಎಸೆಯಬೇಡಿ. ತೂತು ಮಾಡಿದ ಚೀಲದಲ್ಲಿ ತುಂಬಿ ಮೂರ್ನಾಲ್ಕು ಕಡೆ ಇಳಿಬಿಡಿ.

ಬೆನ್ನು ಡೊಂಕಾದದ್ದು ಮಾತ್ರ ಮತ್ತೆ ನೆಟ್ಟಗಾಗುವುದಿಲ್ಲ. ಹತ್ತಿರದ ರಕ್ತಸಂಬಂಧದಲ್ಲೇ ಮರಿ ಮಾಡಿಸುವುದು, ಮೊಟ್ಟೆ ಒಡೆಯುವಾಗ ನೀರಿನ ಬಿಸಿ ಏರುಪೇರಾಗುವುದು, ಮೇವಿನಲ್ಲಿ ವಿಟಮಿನ್ ಸಿ ಕಡಿಮೆಯಾಗುವುದು, ಪೆಟ್ಟು, ಹೀಗೆ ಕಾರಣ ಹಲವು. ಒಂದೆರಡಾದರೆ ತಲೆ ಕೆಡಿಸಿಕೊಳ್ಳಬೇಡಿ. ತುಂಬಾ ಇದ್ದರೆ ಮುಂದಿನ ಸಲ ಈ ಮರಿ ಕೊಟ್ಟವರ ಹತ್ತಿರ ತರಬೇಡಿ.

ನಮ್ಮ ಕಡೆಯವರಿಗೆ ಇನ್ನೊಂದು ಮಾತು. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿರುವ ಮೈಲುತುತ್ತ ಮೀನಿಗೆ ವಿಷ, ಮಲೆನಾಡಿನ ಮೆದು ನೀರಿನಲ್ಲಂತೂ ಇನ್ನೂ ಜಾಸ್ತಿ, ಮೊದಲು ಕಿವಿರೇ ಹಾಳಾಗುತ್ತದೆ. ಒಂದು ಮಳೆಗಾಲ ಡ್ರಮ್ಮನ್ನು ಹೊಂಡದ ಏರಿ ಮೇಲೆ ತೊಳೆದು ನಾನೇ ಮರಿ ಕಳೆದುಕೊಂಡಿದ್ದೇನೆ.

ಬಾಯಿ ಕಾಣುವ ಹಾಗೆ ಪಕ್ಕದಿಂದ ಒಂದು ಫೋಟೋ ಹಾಕಿ, ಯಾವ ಜಾತಿ ಅಂತ ಹೇಳುತ್ತೇನೆ. ಡೊಂಕು ಬೆನ್ನಿನವು ಬೆಳೆದರೆ ಸಾರಿಗೆ ಆಗುತ್ತವೆ, ಮುಳ್ಳು ಬಿಡಿಸುವುದು ಸ್ವಲ್ಪ ಕಿರಿಕಿರಿ ಅಷ್ಟೆ.