‘ಇವನು ಹಾಗೇನಾ ನೋಡಿ ಹೇಳಿ’ ಎಂದು ಬಂದ ಅಪ್ಪ ಅಮ್ಮ

(ಗುರುತು ಸಿಗಬಹುದಾದ ವಿವರಗಳನ್ನೆಲ್ಲ ಬದಲಿಸಿದ್ದೇನೆ.)

ಸಲಹೆ ಕೇಳಲು ನನ್ನ ಬಳಿ ಬಂದವರು ಕರಾವಳಿಯ ಒಂದು ಪೇಟೆಯ ದಂಪತಿ. ತಂದೆಗೆ ಸಹಕಾರಿ ಸಂಘದಲ್ಲಿ ಕೆಲಸ, ತಾಯಿ ಮನೆಯಲ್ಲೇ ಹೊಲಿಗೆ ಮಾಡುತ್ತಾರೆ. ಮಗ ಪ್ರಥಮ ಪಿಯುಸಿ. ಮಗಳು ಕೆಲಸಕ್ಕೆ ಹೋಗುತ್ತಾಳೆ. ಕೂತ ಕೂಡಲೇ ತಾಯಿ ಕೇಳಿದರು: “ಮೇಡಂ, ಇವನು ಹಾಗೇನಾ ಅಂತ ನೀವೇ ಮಾತಾಡಿಸಿ ನೋಡಿ ಹೇಳಿ.” ‘ಹಾಗೆ’ ಅಂದರೆ, ಹುಡುಗರನ್ನೇ ಇಷ್ಟಪಡುವವನಾ ಎಂದು.

ಅನುಮಾನಕ್ಕೆ ಕಾರಣ? ಹುಡುಗ ಯಕ್ಷಗಾನ ಕಲಿಯುತ್ತಾನೆ, ಸ್ತ್ರೀವೇಷ ಮಾಡುತ್ತಾನೆ. ಕ್ರಿಕೆಟ್ ಅಂದರೆ ಆಗದು. ಗೆಳತಿಯರೇ ಜಾಸ್ತಿ. ಅವನು ಮಲಗಿದ ಮೇಲೆ ತಂದೆ ಫೋನ್ ತೆಗೆದು ನೋಡಿದ್ದಾರೆ. ಏನೂ ಸಿಕ್ಕಿಲ್ಲ. ಸಿಗದೇ ಇದ್ದದ್ದಕ್ಕೇ ಭಯ ಇನ್ನೂ ಹೆಚ್ಚಾಗಿದೆ.

ನಾನು ತಂದೆಯನ್ನೇ ಕೇಳಿದೆ, ನೀವು ಯಕ್ಷಗಾನದ ಆಟ ನೋಡುತ್ತೀರಲ್ವಾ? ಎಷ್ಟೋ ತಲೆಮಾರಿನಿಂದ ಗಂಡಸರೇ ದಮಯಂತಿ, ದ್ರೌಪದಿ ಆಗಿ ರಂಗಕ್ಕೆ ಬಂದಿದ್ದಾರೆ. ವೇಷ, ನಡಿಗೆ, ದನಿ ನೋಡಿ ಒಬ್ಬರ ಮನಸ್ಸು ಯಾರ ಕಡೆ ವಾಲುತ್ತದೆ ಎಂದು ಹೇಳಲು ಬರುವುದಿಲ್ಲ. ಮೆತ್ತಗೆ ಮಾತಾಡುವ ಹುಡುಗನಿಗೆ ಹುಡುಗಿಯರೇ ಇಷ್ಟವಿರಬಹುದು. ಕಬಡ್ಡಿ ಆಡುವ ಗಟ್ಟಿಗನೊಬ್ಬ ಇನ್ನೊಬ್ಬ ಹುಡುಗನನ್ನು ಪ್ರೀತಿಸುತ್ತಿರಬಹುದು.

ಮಗಳ ವಿಷಯ ಕೇಳಿದೆ. “ಅವಳದ್ದೇನೂ ತೊಂದರೆ ಇಲ್ಲ, ಜಾತಕ ಹೊರಗೆ ಕೊಟ್ಟಿದ್ದೇವೆ” ಎಂದರು. ಅವಳಿಗೆ ಯಾರು ಇಷ್ಟ ಅಂತ ಕೇಳಿದ್ದೀರಾ? ಇಬ್ಬರೂ ಮುಖ ಮುಖ ನೋಡಿಕೊಂಡರು. ಮಗನ ಬಗ್ಗೆ ಒಂದು ಊಹೆ, ಮಗಳ ಬಗ್ಗೆ ಇನ್ನೊಂದು. ಮಕ್ಕಳ ಬಾಯಿಂದ ಒಂದು ಮಾತೂ ಬಂದಿರಲಿಲ್ಲ.

ಹುಡುಗನ ಜೊತೆ ಒಬ್ಬನೇ ಇದ್ದಾಗ ಮಾತಾಡಿದೆ. ಜೀವಕ್ಕೆ ಅಪಾಯವಿದ್ದರೆ ಮಾತ್ರ ನಿಮಗೆ ತಿಳಿಸುತ್ತೇನೆ, ಉಳಿದದ್ದು ಅವನದ್ದು ಎಂದು ಹೆತ್ತವರಿಗೆ ಮೊದಲೇ ಹೇಳಿದ್ದೆ. ಅವನು ಯಾರನ್ನು ಇಷ್ಟಪಡುತ್ತಾನೆ ಎಂದು ನಾನು ಕೇಳಲಿಲ್ಲ. ಅವನಾಗಿ ಹೇಳಿದ್ದರೂ ಇಲ್ಲಿ ಬರೆಯುತ್ತಿರಲಿಲ್ಲ. ಇಷ್ಟನ್ನು ಮಾತ್ರ ಅವನ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ: ಹುಡುಗಿ ತರ ಕೈ ಆಡಿಸಬೇಡ ಎಂದು ಅಪ್ಪ ಬೈದ ದಿನದಿಂದ ಅವನು ಮನೆಯೊಳಗೆ ಓಡಾಡುವಾಗಲೂ ಎರಡೂ ಕೈ ಜೇಬಿನಲ್ಲಿ ಇಟ್ಟುಕೊಳ್ಳುತ್ತಾನೆ. ಫೋನ್ ನೋಡುತ್ತಾರೆಂದು ಗೊತ್ತಾಗಿ ವೇಷದ ಫೋಟೋಗಳನ್ನೆಲ್ಲ ಡಿಲೀಟ್ ಮಾಡಿದ್ದಾನೆ. ಅಭ್ಯಾಸಕ್ಕೆ ಹೋಗುವುದನ್ನೂ ಬಿಟ್ಟಿದ್ದಾನೆ. ಅವನು ಯಾರೇ ಆಗಿರಲಿ, ಊಹೆಯೊಂದರಿಂದಲೇ ಇಷ್ಟು ಪೆಟ್ಟು ಬಿದ್ದಾಗಿದೆ.

ಮುಂದಿನ ಭೇಟಿಯಲ್ಲಿ ತಂದೆ ಕೇಳಿದರು, “ಅಕಸ್ಮಾತ್ ಹೌದಾದರೆ ಗುಣ ಮಾಡಬಹುದಲ್ವಾ?” ನೆಂಟರೊಬ್ಬರು ಯಾವುದೋ ಇಂಜೆಕ್ಷನ್ ಬಗ್ಗೆ ಹೇಳಿದ್ದರಂತೆ. ಇಲ್ಲಿ ನಾನು ಖಡಾಖಂಡಿತವಾಗಿ ಮಾತಾಡಿದೆ. ಸಲಿಂಗ ಪ್ರೀತಿ ಕಾಯಿಲೆಯೇ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ಅದನ್ನು ಕಾಯಿಲೆಗಳ ಪಟ್ಟಿಯಿಂದ ತೆಗೆದಿದೆ. ವಯಸ್ಕರ ನಡುವಿನ ಒಪ್ಪಿತ ಸಂಬಂಧ ಅಪರಾಧವಲ್ಲ ಎಂದು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 6ರಂದು ಹೇಳಿದೆ. ‘ಬದಲಾಯಿಸುತ್ತೇನೆ’ ಎಂದು ಚಿಕಿತ್ಸೆ ಕೊಡುವುದು ವೈದ್ಯರಿಗೆ ವೃತ್ತಿ ದುರ್ನಡತೆ. ಮದ್ರಾಸ್ ಹೈಕೋರ್ಟಿನ ಪ್ರಕರಣವೊಂದರ ನಂತರ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಇದನ್ನು ಸ್ಪಷ್ಟಪಡಿಸಿತು. ಹಾಗೆ ಯಾರಾದರೂ ದುಡ್ಡು ಕೇಳಿದರೆ ಅಲ್ಲಿಂದ ಎದ್ದು ಬನ್ನಿ ಎಂದೆ.

ತಾಯಿಯ ಚಿಂತೆ ಬೇರೆ. ನಾಳೆ ನಮ್ಮ ನಂತರ ಇವನಿಗೆ ಯಾರು? ಈ ಭಯವನ್ನು ನಾನು ಹಗುರ ಮಾಡಲಿಲ್ಲ. ಸಲಿಂಗ ಮದುವೆಗೆ ನಮ್ಮಲ್ಲಿ ಇನ್ನೂ ಕಾನೂನಿನ ಮಾನ್ಯತೆ ಇಲ್ಲ, ಸುಪ್ರೀಂ ಕೋರ್ಟಿನ 2023ರ ತೀರ್ಪಿನಲ್ಲೂ ಸಿಗಲಿಲ್ಲ. ಅದಕ್ಕೇ ಮನೆಯವರ ಆಸರೆ ಇನ್ನೂ ಜಾಸ್ತಿ ಬೇಕು.

ನಾನು ಕೊಟ್ಟ ಸಲಹೆ ಇದು. ಫೋನ್ ನೋಡುವುದನ್ನು ನಿಲ್ಲಿಸಿ. ‘ನೀನು ಹಾಗೇನಾ’ ಎಂದು ಕೇಳಲೇಬೇಡಿ. ಸಿದ್ಧವಿಲ್ಲದ ಮಗು ಸುಳ್ಳು ಹೇಳುತ್ತದೆ, ಆಮೇಲೆ ಆ ಸುಳ್ಳನ್ನೇ ಕಾಯುತ್ತ ಬದುಕಬೇಕಾಗುತ್ತದೆ. ಮಕ್ಕಳು ಬಾಯಿ ಬಿಡುವ ಮೊದಲು ತುಂಬ ದಿನ ನಿಮ್ಮನ್ನು ಗಮನಿಸುತ್ತಾರೆ. ಟಿವಿಯಲ್ಲಿ ‘ಅಂಥವರನ್ನು’ ಗೇಲಿ ಮಾಡಿದಾಗ ಅಪ್ಪ ನಕ್ಕರಾ, ಚಿಕ್ಕಪ್ಪ ಯಾರನ್ನೋ ‘ಒಂಬತ್ತು’ ಎಂದು ಹೀಯಾಳಿಸಿದಾಗ ಅಮ್ಮ ಸುಮ್ನಿದ್ದರಾ, ಎಲ್ಲವೂ ಲೆಕ್ಕಕ್ಕೆ ಬರುತ್ತದೆ. ಅಂಥ ಮಾತು ಬಂದಾಗ ಅವನಿಗೆ ಕೇಳುವ ಹಾಗೆ “ಹಾಗನ್ನಬೇಡ, ಯಾರ ಮಕ್ಕಳಾದರೂ ಮಕ್ಕಳೇ” ಎನ್ನಿ. ‘ನಿನ್ನ ಹೆಂಡತಿ ಬಂದ ಮೇಲೆ’ ಎಂಬ ಮಾತು ಬಿಡಿ. ಯಾವತ್ತಾದರೂ ಅವನಾಗಿ ಏನಾದರೂ ಹೇಳಿದರೆ, “ನಮ್ಮ ಹತ್ತಿರ ಹೇಳಿದ್ದು ಒಳ್ಳೆಯದಾಯಿತು” ಎಂದಷ್ಟೇ ಹೇಳಿ. ಅವನ ಒಪ್ಪಿಗೆಯಿಲ್ಲದೆ ಅಜ್ಜಿಗೂ ತಿಳಿಸಬೇಡಿ. ನಿದ್ದೆ ಊಟ ಕೆಟ್ಟರೆ, ಸಾಯುವ ಮಾತಾಡಿದರೆ ತಡ ಮಾಡದೆ ಕರೆತನ್ನಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416 ಉಚಿತ, ಹಗಲು ರಾತ್ರಿ ಕನ್ನಡದಲ್ಲೂ ಮಾತಾಡಬಹುದು. ಮಗಳ ಜಾತಕ ಹಿಡಿದು ಮುಂದೆ ಹೋಗುವ ಮೊದಲು ಅವಳನ್ನೂ ಕೂರಿಸಿ ಕೇಳಿ.

ತಾಯಿ ಬೇಗ ಒಪ್ಪಿಕೊಂಡರು. ತಂದೆಗೆ ಇನ್ನೂ ಕಷ್ಟ, ಅವರು ಒಬ್ಬರೇ ಬರುತ್ತಿದ್ದಾರೆ. “ಅಭ್ಯಾಸಕ್ಕೆ ಮತ್ತೆ ಹೋಗು ಅಂತ ನಾನೇ ಹೇಳಲಾ?” ಎಂದು ಕಳೆದ ಸಲ ಕೇಳಿದರು. ಮೊದಲು ಫೋನ್ ನೋಡಿದ್ದಕ್ಕೆ ಮಗನ ಹತ್ತಿರ ತಪ್ಪಾಯ್ತು ಎನ್ನಿ, ಹೋಗುವುದು ಬಿಡುವುದು ಅವನಿಗೆ ಬಿಡಿ ಎಂದಿದ್ದೇನೆ.